ರೈಟ್ ಕ್ಲಿಕ್ಕಿನ ಪಾಠ

ನಾನು ಚಿಕ್ಕೋಡಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದಕ್ಕಿಂತ ಬರೆಸುತ್ತೇನೆ ಅನ್ನುವುದೇ ಸರಿ. ನಿಪ್ಪಾಣಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬೋರ್ಡಿನ ಮುಂದೆ ಮತ್ತೆ ನಿಲ್ಲಬೇಕು. ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಕ್ಲಾಸು "ಸರ್, ಪುನ್ಹಾ ಸಾಂಗಾ" ಅನ್ನುತ್ತದೆ. ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕು. ಹದಿನೈದು ವರ್ಷ ಎಲ್ಲವನ್ನೂ ಎರಡೆರಡು ಸಲ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ.

ಮೌಸಿನ ಪಾಠ ಬಂದರಂತೂ ಸಾಕಪ್ಪಾ ಸಾಕು ಅನ್ನಿಸುತ್ತದೆ. ಬಲಗುಂಡಿ ಒತ್ತಿದರೆ ತೆರೆಯ ಮೇಲೆ ಬಣ್ಣ ಆರಿಸುವ ಒಂದು ಸಣ್ಣ ಮೆನು ಬರಬೇಕು, ಅಷ್ಟೇ ಕಥೆ. ಆದರೆ ಕಂಪ್ಯೂಟರಿಗೆ ಒಂದು ಕ್ಲಿಕ್ ಅಂದರೆ ಎರಡು ಘಟನೆ: ಬೆರಳು ಒತ್ತಿದ್ದು ಒಂದು, ಎತ್ತಿದ್ದು ಇನ್ನೊಂದು. ನಾವು ಕಲಿಸುವ ಭಾಷೆಯಲ್ಲಿ ಮೆನು ತೋರಿಸು ಎಂಬ ಸೂಚನೆ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ಬೆರಳು ಎತ್ತಿದಾಗ ಬರುತ್ತದೆ, ಲಿನಕ್ಸ್ ಹಾಕಿದ್ದರಲ್ಲಿ ಒತ್ತಿದಾಗಲೇ ಬಂದುಬಿಡುತ್ತದೆ. ಅದಕ್ಕೇ ಮೆನು ತೋರಿಸುವ ಸಾಲನ್ನು ಎರಡೂ ಕಡೆ ಬರೆಯಬೇಕು. ನಮ್ಮ ಲ್ಯಾಬಿನಲ್ಲಿ ಇದ್ದದ್ದು ವಿಂಡೋಸ್ ಮಾತ್ರ. ಎರಡು ಕಡೆ ಬರೆಸಿದರೆ ನಾಲ್ಕು ಸಲ ವಿವರಿಸಬೇಕು. ಯಾರಿಗೆ ಬೇಕು ಆ ಗೋಳು ಎಂದು, ಬೆರಳು ಎತ್ತಿದಾಗಿನ ಸಾಲನ್ನಷ್ಟೇ ಬರೆಸಿ ಕೈ ತೊಳೆದುಕೊಂಡೆ. ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಆ ನೋಟ್ಸು ಈಗಲೂ ಸಿಗುತ್ತದೆ.

ಕಳೆದ ವರ್ಷ, ಹಿಂದೆ ಫೇಲಾದವರ ಪ್ರಾಕ್ಟಿಕಲ್ ಪರೀಕ್ಷೆಗೆ ಒಬ್ಬಳೇ ಬಂದಿದ್ದಳು. ಶಿರಗುಪ್ಪಿಯ ಕಬ್ಬು ಬೆಳೆಯುವ ಮನೆಯೊಂದರ ಸೊಸೆ. ಮದುವೆ, ಬಾಣಂತನ ಎಂದು ಈ ಒಂದು ವಿಷಯ ಉಳಿದುಹೋಗಿತ್ತು. ನಿಯಮದ ಪ್ರಕಾರ ಇದೇ ಕೊನೆಯ ಅವಕಾಶ. ಪಾಸಾದರೆ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಗುವಂತಿತ್ತು. ಇಲ್ಲದಿದ್ದರೆ ಓದಿದ್ದೆಲ್ಲ ನೀರುಪಾಲು.

"ಸರ್, ನಿಮ್ಮ ನೋಟ್ಸ್ ಒಂದಕ್ಷರ ಬಿಡದಂಗ ಓದೀನ್ರಿ" ಅಂದಳು. ಒಳ್ಳೆಯದಾಯಿತು ಅಂದೆ.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಅದೇ ಬಲಗುಂಡಿಯ ಮೆನುವಿನ ಪ್ರಶ್ನೆ ಕೊಟ್ಟರು. ಅವಳು ಎಲ್ಲೂ ತಡವರಿಸದೆ ಟೈಪ್ ಮಾಡಿ, ಪ್ರೋಗ್ರಾಂ ಓಡಿಸಿ, ಬಲಗುಂಡಿ ಒತ್ತಿದಳು. ಮೆನು ಬರಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಅಷ್ಟರಲ್ಲಿ ನನಗೆ ಹೊಳೆಯಿತು. ರಜೆಯಲ್ಲಿ ಲ್ಯಾಬಿನ ಕಂಪ್ಯೂಟರುಗಳಲ್ಲೆಲ್ಲ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದರು.

"ಮೆನು ಎಲ್ಲೈತ್ರಿ?" ಪರೀಕ್ಷಕರು ಕೇಳಿದರು.

"ಬರಬೇಕಾಗಿತ್ರಿ ಸರ್."

"ಬರೇ ಬಾಯಿಪಾಠ ಮಾಡಿದ್ರ ಹಿಂಗ ಆಗೂದು. ಇನ್ನ ಹತ್ತು ನಿಮಿಷ ಐತಿ, ನೋಡ್ರಿ."

ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನೋಟ್ಸಿನ ಕಥೆ, ಇಷ್ಟು ವರ್ಷದ ಕಥೆ ಎಲ್ಲವನ್ನೂ ಬಿಚ್ಚಬೇಕು. ಯಾರು ಅಷ್ಟೆಲ್ಲ ಹೇಳುತ್ತಾ ಕೂರುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ. ದಣಿವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದಣಿವಲ್ಲ, ಅದು ಹೇಡಿತನ.

ಅವಳು ಸೆರಗಿನಿಂದ ಕೈಯ ಬೆವರು ಒರೆಸಿಕೊಂಡಳು. ಬಲಗುಂಡಿಯನ್ನು ನಿಧಾನ ಒತ್ತಿ, ಒತ್ತಿ ಹಿಡಿದು, ನಿಧಾನ ಬಿಟ್ಟಳು. ತೆರೆಯನ್ನೇ ನೋಡುತ್ತಾ ಮೂರು ನಾಲ್ಕು ಸಲ ಹಾಗೆ ಮಾಡಿದಳು. ಆಮೇಲೆ ಬೆರಳು ಎತ್ತಿದಾಗಿನ ಭಾಗದಲ್ಲಿದ್ದ ಸಾಲನ್ನು ಒತ್ತಿದಾಗಿನ ಭಾಗದಲ್ಲೂ ಬರೆದು ಪ್ರೋಗ್ರಾಂ ಮತ್ತೆ ಓಡಿಸಿದಳು. ಗುಂಡಿ ಒತ್ತಿದ್ದೇ ತಡ ಮೆನು ಬಂತು: ಕೆಂಪು, ಹಸಿರು, ಹಳದಿ.

ಪರೀಕ್ಷಕರ ಮುಖ ಅರಳಿತು. "ಇದು ಹೆಂಗ ಗೊತ್ತಾತವಾ ನಿನಗ?"

ಅವಳು ನನ್ನ ಕಡೆ ಒಮ್ಮೆ ನೋಡಿದಳು.

"ಸರ್ ಕ್ಲಾಸಿನ್ಯಾಗ ಹೇಳಿದ್ರು ರೀ. ಒತ್ತಿದಾಗೂ ನೋಡಬೇಕು, ಎತ್ತಿದಾಗೂ ನೋಡಬೇಕು ಅಂತ. ನಾನೇ ಮರ್ತಿದ್ದೆ ರೀ."

ನಾನು ಹೇಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಪರೀಕ್ಷಕರು ಅಂಕ ಬರೆದು, ನನ್ನ ಕಡೆ ತಿರುಗಿ, "ಇಷ್ಟು ಬಿಡಿಸಿ ಯಾರೂ ಹೇಳಂಗಿಲ್ರಿ ಸರ್. ಖರೇನ ಎಲ್ಲಾರಿಗೂ ಹೇಳ್ತೀರೇನು?" ಎಂದು ಕೈ ಚಾಚಿದರು.

ಅವರ ಕೈ ಹಿಡಿದುಕೊಂಡು, "ಹೌದ್ರಿ, ಹೇಳ್ತೀನಿ" ಅಂದೆ.