ಚರಗದ ದಿನ ಬೇರಿನ ಗುಂಡಿಯೊಳಗೆ

ಮೂರು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆ. ಊರವರೆಲ್ಲ ಬುತ್ತಿ ಕಟ್ಟಿಕೊಂಡು ಭೂತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಬರುತ್ತಿದ್ದರೆ, ನಾನು ತಂಬ್ರಹಳ್ಳಿಯ ನಿಂಗಮ್ಮನ ಎರೆಹೊಲದಲ್ಲಿ ಎದೆಮಟ್ಟದ ಗುಂಡಿಯೊಳಗೆ ನಿಂತು ಜಗಳವಾಡುತ್ತಿದ್ದೆ.

ನಾನು ರೇಷ್ಮಾ, ಕೊಟ್ಟೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರ ಮಗಳು. ಓದಿದ್ದು ಮಣ್ಣಿನ ವಿಜ್ಞಾನ. ಇಂಧನಕ್ಕಾಗಿ ಬೆಳೆಯುವ ಸಿಹಿಜೋಳವನ್ನೂ ನಮ್ಮ ಬಿಳಿಜೋಳವನ್ನೂ ನಿಂಗಮ್ಮನ ಒಪ್ಪಿಗೆಯಿಂದ ಅವಳ ಹೊಲದಲ್ಲಿ ಅಕ್ಕಪಕ್ಕ ಬಿತ್ತಿ, ಯಾವುದರ ಬೇರು ಎಷ್ಟು ಆಳಕ್ಕಿಳಿದು ಮಣ್ಣಿನಲ್ಲಿ ಎಷ್ಟು ಇಂಗಾಲ ಉಳಿಸುತ್ತದೆ ಎಂದು ನೋಡುವುದು ನನ್ನ ಸಂಶೋಧನೆ. ದಂಟೆಲ್ಲ ಕೊಯ್ದು ಕಾರ್ಖಾನೆಗೆ ಸಾಗಿಸಿದ ಮೇಲೆ ಹೊಲಕ್ಕೆ ಉಳಿಯುವುದು ಬೇರು ತಾನೆ? ಅದನ್ನು ಬೆಳೆ ಹೂ ಬಿಟ್ಟಾಗಲೇ ನೋಡಬೇಕು. ಕಾಳು ಬಲಿತರೆ ಬೇರು ಸಾಯತೊಡಗುತ್ತದೆ, ವರ್ಷದ ದುಡಿಮೆ ನೀರುಪಾಲು.

ಹೂ ಬಿಡುವ ವಾರವನ್ನು ಲೆಕ್ಕ ಹಾಕಿದ್ದೆ, ಅಮಾವಾಸ್ಯೆ ಯಾವತ್ತೆಂದು ನೋಡಿರಲಿಲ್ಲ. ಹಿಂದಿನ ದಿನ ಎರಡೂ ಜೋಳದ ಸಾಲುಗಳ ನಡುವೆ ಗುಂಡಿ ತೋಡಿದ ಆಳುಗಳು, "ನಾಳೆ ಸಲಿಕಿ ಮುಟ್ಟಂಗಿಲ್ರೀ ಮೇಡಂ" ಎಂದು ಸಲಿಕೆಗಳನ್ನು ಬದುವಿನ ಮೇಲೆ ಬಿಟ್ಟು ಹೋದರು. ಬೇರು ಬಿಡಿಸುವುದು ಹೇಗೂ ನನ್ನ ಕೆಲಸ. ಬೆಳಿಗ್ಗೆ ಒಬ್ಬಳೇ ಇಳಿದು, ಚೂಪು ಕಡ್ಡಿಯಿಂದ ಮಣ್ಣು ಕೆದರಿ ನೀರು ಚಿಮುಕಿಸುತ್ತಾ ಕುಳಿತೆ.

ಅಷ್ಟರಲ್ಲಿ ನಿಂಗಮ್ಮನ ಮೈದುನ ಕೊಟ್ರಪ್ಪ ನಾಲ್ಕಾರು ಮಂದಿಯ ಜೊತೆ ಬಂದ. ಗುಂಡಿ ನೋಡಿದವನೇ ಕೆಂಡವಾದ.

"ಇವತ್ತ ಎಂಥಾ ದಿನ ಗೊತ್ತೈತೇನಮ್ಮಾ? ಭೂತಾಯಿ ತುಂಬಿದ ಬಸುರಿ ಅದಾಳ. ಆಕಿ ಹೊಟ್ಟಿ ಬಗಿಯಾಕ ಬಂದೀಯೇನು? ನಿಮ್ಮ ಮಂದಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು! ಲೇ, ಮುಚ್ರಲೇ ಇದನ್ನ."

ಇಬ್ಬರು ಬದುವಿನ ಮೇಲಿದ್ದ ಸಲಿಕೆ ಎತ್ತಿಕೊಂಡರು. ಮೊದಲ ಹೆಂಟೆ ನನ್ನ ಪಕ್ಕದಲ್ಲೇ ಬಿತ್ತು. ಆಗಷ್ಟೇ ಬಿಡಿಸಿದ್ದ ಬೇರಿನ ಎಳೆಗಳು ಹರಿದವು. ನಿಜ ಹೇಳುತ್ತೇನೆ, ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. "ನಿಮ್ಮ ಮಂದಿ" ಅಂದದ್ದು ಇನ್ನೂ ಕಿವಿಯಲ್ಲೇ ಇತ್ತು. ಬೇರಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ.

"ಇವತ್ತ ಅಗಿಯಾಕ ಸಲಿಕಿ ಮುಟ್ಟಬಾರದು, ಮುಚ್ಚಾಕ ಮುಟ್ಟಬಹುದೇನ್ರಿ ಯಜಮಾನ್ರ? ಹಂಗಿದ್ರ ನನ್ನ ಮ್ಯಾಲೇ ಹಾಕ್ರಿ. ನಾನಂತೂ ಮ್ಯಾಲ ಬರಂಗಿಲ್ಲ."

ಸಲಿಕೆ ಹಿಡಿದವರು ಮುಖ ಮುಖ ನೋಡಿಕೊಂಡರು. ನಾನು ಬಿಡಲಿಲ್ಲ.

"ನಮ್ಮ ನಾನಿ ಹುಸೇನಬೀ ಇದೇ ಸೀಮಿಯಾಗ ಸೂಲಗಿತ್ತಿ ಆಗಿದ್ದಾಕಿ. ಬಸುರಿ ಹೊಟ್ಟಿ ಮುಟ್ಟಬಾರದು ಅಂತ ಆಕಿ ಕೈಕಟ್ಟಿ ಕುಂತಿದ್ರ ನಿಮ್ಮ ಕೇರ್ಯಾಗ ಎಷ್ಟು ಮಂದಿ ಉಳೀತಿದ್ರು? ನಾನೂ ಹೊಟ್ಟಿ ಮುಟ್ಟಿ ನೋಡಾಕತ್ತೀನಿ, ಅಷ್ಟ."

ಹಿಂದಿನಿಂದ ನಿಂಗಮ್ಮನ ದನಿ ಕೇಳಿತು. ಚರಗದ ಬುಟ್ಟಿ ಹೊತ್ತುಕೊಂಡೇ ಗುಂಡಿಯ ಅಂಚಿಗೆ ಬಂದಳು.

"ಸಲಿಕಿ ಕೆಳಗ ಇಡ್ರಲೇ. ಹೊಲ ನಂದೈತಿ," ಎಂದವಳು ಬಗ್ಗಿ ನೋಡಿದಳು. "ಯವ್ವಾ, ಇವು ನಮ್ಮ ಜ್ವಾಳದ ಬೇರೇನು? ಎಷ್ಟು ಆಳ ಹೋಗ್ಯಾವ?"

"ನನ್ನ ಕಾಲ ಕೆಳಗೂ ಹೋಗ್ಯಾವ, ಅಮ್ಮಾ. ಸಿಹಿಜ್ವಾಳ ಇಷ್ಟು ಇಳಿದಿಲ್ಲ."

ನಿಂಗಮ್ಮ ಬುಟ್ಟಿ ಇಳಿಸಿದಳು. ಕಡುಬು, ಪುಂಡಿಪಲ್ಯ, ಸಜ್ಜೆ ರೊಟ್ಟಿಯ ಚೂರು ಕಲಸಿದ್ದ ಚರಗವನ್ನು ಬೊಗಸೆ ತುಂಬ ತೆಗೆದು ಗುಂಡಿಯೊಳಗೆ ಚೆಲ್ಲಿದಳು. ಅರ್ಧ ಬೇರಿನ ಮೇಲೆ ಬಿತ್ತು, ಅರ್ಧ ನನ್ನ ತಲೆಯ ಮೇಲೆ.

"ವರ್ಷಾ ತೆನಿಗೆ ಉಣಿಸ್ತೀವಿ. ಕೆಳಗ ದುಡಿಯಾವಕ್ಕ ಯಾರೂ ಕೊಟ್ಟಿದ್ದಿಲ್ಲ. ಉಣ್ಣಲಿ ಬಿಡ್ರಿ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೊಟ್ರಪ್ಪ ಮಾತ್ರ ಬುತ್ತಿ ಎತ್ತಿಕೊಂಡು ದೂರದ ಬದುವಿಗೆ ಹೋಗಿ ಉಂಡ. ನಾನು ಸಂಜೆಯವರೆಗೆ ಬೇರು ಬಿಡಿಸಿ, ಮಣ್ಣನ್ನು ಚೀಲಕ್ಕೆ ತುಂಬಿದೆ. ಮರುದಿನ ಗುಂಡಿಯನ್ನು ಮುಚ್ಚಿದವಳೂ ನಾನೇ.

ಈಗ ಬಿತ್ತುವ ಮುಂಚೆ ಅಮಾವಾಸ್ಯೆ ಯಾವತ್ತೆಂದು ನೋಡುತ್ತೇನೆ. ಹೆದರಿ ಅಲ್ಲ, ನಿಂಗಮ್ಮನಿಗೆ ಮಾತು ಕೊಟ್ಟಿದ್ದೇನೆ: ಹಬ್ಬಕ್ಕೆ ಮುಂಚೆಯೇ ಗುಂಡಿ ತಯಾರಿರಬೇಕು, ಚರಗದಲ್ಲಿ ಬೇರಿನ ಪಾಲು ತಪ್ಪಬಾರದು. ಕೊಟ್ರಪ್ಪ ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. ಬೇಡ ಬಿಡಿ. ಹೋದ ವರ್ಷ ಮಾತ್ರ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಅವನೂ ಒಂದು ಹಿಡಿ ಚರಗ ಗುಂಡಿಗೆ ಚೆಲ್ಲಿ ಹೋದ. ನಾನು ಒಳಗೇ ಕುಳಿತಿದ್ದೆ.