ಪಟ್ಟಿ ಬಿಚ್ಚುವವಳು

ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇಬ್ಬರು ಎದುರುಬದುರು ನಿಂತು ಮಡಿಸಬೇಕಾದ ಬಟ್ಟೆಯನ್ನು ಅವಳೊಬ್ಬಳೇ, ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಡಿಸಿ ಪಕ್ಕಕ್ಕಿಡುತ್ತಿದ್ದಳು. ಐವತ್ತಮೂರು ವರ್ಷ, ಗಟ್ಟಿ ಮೈ, ಕಡಿಮೆ ಮಾತು. ಮದುವೆಯಾಗಿರಲಿಲ್ಲ. ತೀರಿಹೋದ ಅಣ್ಣನ ಹೆಂಡತಿಯ ಜೊತೆ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಎರಡು ಕೋಣೆಯ ಮನೆಯಲ್ಲಿದ್ದಳು. ಲಾಂಡ್ರಿಯವರಿಗೆ ಅವಳು ಬರಿಯ ಅಕ್ಕ. ಓಟದ ಸಂಘದವರಿಗೆ ಬಾಲದಕ್ಕ.

ಈ ಎರಡನೆಯ ಹೆಸರಿನ ಹಿಂದೆ ಒಂದು ಕೆಲಸವಿತ್ತು. ಊರಾಚೆಯ ಬೆಟ್ಟದ ಕಾಡಿಗೆ ವರ್ಷವಿಡೀ ಯಾರನ್ನೂ ಬಿಡುವುದಿಲ್ಲ. ಸಂಘದವರು ನಡೆಸುವ ನಲವತ್ತು ಕಿಲೋಮೀಟರಿನ ಓಟದ ದಿನ ಮತ್ತು ಅದರ ಹಿಂದಿನ ಎರಡು ದಿನ ಮಾತ್ರ ಅಲ್ಲಿಯ ಗೇಟು ತೆರೆಯುತ್ತದೆ. ಆ ಎರಡು ದಿನದಲ್ಲಿ ಒಬ್ಬರು ಮುಂದಾಗಿ ಹೋಗಿ, ದಾರಿಯುದ್ದಕ್ಕೂ ಪೊದೆಗೋ ಗೂಟಕ್ಕೋ ಕಿತ್ತಳೆ ಬಣ್ಣದ ಬಟ್ಟೆಪಟ್ಟಿಗಳನ್ನು ಕಟ್ಟಿ ಬರುತ್ತಾರೆ. ಓಡುವವರು ಅವನ್ನು ನೋಡಿಕೊಂಡು ಓಡುತ್ತಾರೆ. ಎಲ್ಲರ ಹಿಂದೆ ನಡೆದು ಬರುವ ಒಬ್ಬರು, ಕೊನೆಯ ಓಟಗಾರ ದಾಟಿದ ಮೇಲೆ, ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಸಂಜೆಯೊಳಗೆ ಕಾಡಿನಲ್ಲಿ ಒಂದು ಚೂರು ಬಟ್ಟೆಯೂ ಉಳಿಯಬಾರದು. ಹೀಗೆ ಹಿಂದೆ ಬರುವವರಿಗೆ ಸಂಘದಲ್ಲಿ ಬಾಲ ಎಂದು ಹೆಸರು.

ಅವಳು ಮೊದಲು ಅಲ್ಲಿಗೆ ಹೋದದ್ದು ಓಡುವುದಕ್ಕೇ. ಆಗ ಮೂವತ್ತಮೂರು ವರ್ಷ. ಅವಳು ಗುರಿ ಮುಟ್ಟುವ ಹೊತ್ತಿಗೆ ಮೇಜು ಕುರ್ಚಿಗಳನ್ನು ಲಾರಿಗೆ ಏರಿಸುತ್ತಿದ್ದರು. ಸಂಘದ ಕಾರ್ಯದರ್ಶಿ, ಕನ್ನಡಕದ ಅಂಗಡಿ ಇಟ್ಟಿದ್ದವನು, ಗಡಿಯಾರ ನೋಡಿಕೊಂಡು, "ಹೇಗೂ ಎಲ್ಲರ ಕೊನೆಗೇ ಬರ್ತೀರಿ. ಬರೋವಾಗ ಪಟ್ಟಿನೂ ಬಿಚ್ಕೊಂಡು ಬಂದಿದ್ರೆ ನಮಗೊಂದು ಉಪಕಾರ ಆಗ್ತಿತ್ತು" ಎಂದ. ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. ಮರುವರ್ಷ ಚೀಲ ತಂದಳು. ಆಮೇಲೆ ಹತ್ತೊಂಬತ್ತು ವರ್ಷ ತಪ್ಪಿಸಲಿಲ್ಲ. ಬಿಚ್ಚಿದ ಪಟ್ಟಿಗಳನ್ನು ಮನೆಗೆ ತಂದು, ಬಕೆಟ್ಟಿನಲ್ಲಿ ನೆನೆಹಾಕಿ ಒಗೆದು, ಇಸ್ತ್ರಿ ಮಾಡಿ, ಸುರುಳಿ ಸುತ್ತಿ ಮುಂದಿನ ವರ್ಷಕ್ಕೆ ಇಡುತ್ತಿದ್ದಳು.

"ಕಾಡಿನ ಪೊದೆಗೆ ಕಟ್ಟೋ ಚಿಂದಿಗೆ ಇಸ್ತ್ರಿ ಬೇರೆ," ಎನ್ನುತ್ತಿದ್ದಳು ಅತ್ತಿಗೆ. "ನನ್ನ ಸೀರೆಗೆ ಆ ಯೋಗ ಇಲ್ಲ."

"ನಿಮ್ಮ ಸೀರೆ ನೋಡ್ಕೊಂಡು ಯಾರೂ ದಾರಿ ಹಿಡಿಯಲ್ಲ ಅತ್ತಿಗೆ."

ಪ್ರತಿ ವರ್ಷ ಓಟಕ್ಕೆ ಒಂದು ತಿಂಗಳಿರುವಾಗ, ಶಾಲೆಯೊಂದರ ಚಿತ್ರಕಲೆಯ ಕೋಣೆಯಲ್ಲಿ ಸಂಘದ ಕಥೆಯ ಸಂಜೆ ನಡೆಯುತ್ತಿತ್ತು. ದೂರ ಓಡಿದವರು, ಹತ್ತಿದವರು, ಈಜಿದವರು ತಮ್ಮ ಕಥೆ ಹೇಳಬೇಕು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಮೀರಿದರೆ ಕಾರ್ಯದರ್ಶಿ ಗಂಟೆ ಬಾರಿಸುತ್ತಾನೆ. ಹನ್ನೊಂದು ದಿನ ಮರಳುಗಾಡಿನಲ್ಲಿ ಸೈಕಲ್ ತುಳಿದ ಅಂಚೆಯವನೊಬ್ಬ ಬರುತ್ತಿದ್ದ. ಎರಡು ದಡಗಳ ನಡುವಿನ ಸಮುದ್ರವನ್ನು ಈಜಿ ದಾಟಿದ ಹಲ್ಲಿನ ಡಾಕ್ಟರಮ್ಮ ಇದ್ದಳು. ಹಿಮದ ಬೆಟ್ಟದಲ್ಲಿ ಕಾಲಿನ ಎರಡು ಬೆರಳು ಬಿಟ್ಟುಬಂದವನು ಪ್ರತಿ ವರ್ಷವೂ ಬೂಟು ಕಳಚಿ ತೋರಿಸುತ್ತಿದ್ದ. ಅವಳು ಹಿಂದಿನ ಸಾಲಿನಲ್ಲಿ, ಚಹಾದ ಕ್ಯಾನಿನ ಪಕ್ಕ ಕುಳಿತು ಕೇಳುತ್ತಿದ್ದಳು. ಬಾಲದವರಿಗೆ ಏನು ಕಥೆ ಇರುತ್ತದೆ ಎಂದು ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಕೇಳಲಿಲ್ಲ.

ಅವಳು ಕಾಯುತ್ತಿದ್ದುದು ಬೆಟ್ಟದ ಓಟದಲ್ಲಿ ಮುಂದಿದ್ದವರ ಮಾತಿಗೆ. ಅವರು ಬೆಳಗಿನ ನಾಲ್ಕಕ್ಕೆ ಹೊರಟು ಆರರ ಹೊತ್ತಿಗೆ ಬೆಟ್ಟದ ಮೇಲಿನ ಬೋಳು ದಿಣ್ಣೆಗೆ ಬರುತ್ತಾರೆ. ಅಲ್ಲಿ ಸೂರ್ಯ ಹುಟ್ಟುವುದು ಕಾಣುತ್ತದೆ. ಅದನ್ನು ಬಾಯಲ್ಲಿ ಹೇಳುವುದಕ್ಕಾಗುವುದಿಲ್ಲ ಎಂದು ಶುರುಮಾಡಿ ಪ್ರತಿಯೊಬ್ಬನೂ ಗಂಟೆ ಹೊಡೆಯುವವರೆಗೆ ಅದನ್ನೇ ಹೇಳುತ್ತಿದ್ದ. ಒಬ್ಬ ತಾಮ್ರದ ಬಣ್ಣ ಎಂದ. ಇನ್ನೊಬ್ಬ ಹಣ್ಣು ಕೊಯ್ದ ಹಾಗೆ ಎಂದ. ಒಬ್ಬಳು ಮಾತ್ರ, ಕೆಳಗಿನ ಕಣಿವೆಯೆಲ್ಲ ಮೋಡ ತುಂಬಿಕೊಂಡು ತಾನು ದಡದಲ್ಲಿ ನಿಂತ ಹಾಗೆ ಕಂಡಿತು ಎಂದಳು. ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬಾಲದಕ್ಕ ಎಲ್ಲವನ್ನೂ ಮನಸ್ಸಿನಲ್ಲಿ ಜೋಪಾನ ಮಾಡಿದ್ದಳು.

ಕೊನೆಯವನ ಹಿಂದೆ ನಡೆದು ಅವಳು ದಿಣ್ಣೆ ತಲುಪುತ್ತಿದ್ದುದು ಹತ್ತು ಗಂಟೆಗೆ. ಅಷ್ಟು ಹೊತ್ತಿಗೆ ಬಿಸಿಲಿನ ಮಬ್ಬು ಏರಿ ಎಲ್ಲವೂ ಸುಣ್ಣ ಬಳಿದ ಗೋಡೆ. ಓಡಿ ಮುಂದೆ ಹೋಗೋಣವೆಂದರೆ ಮಂಡಿ ಒಪ್ಪುತ್ತಿರಲಿಲ್ಲ. ಹೀಗೆ ಹತ್ತೊಂಬತ್ತು ಸಲ ಅವಳು ಆ ಜಾಗದಲ್ಲಿ ನಿಂತಿದ್ದಳು, ಒಂದು ಸಲವೂ ಅದನ್ನು ನೋಡಿರಲಿಲ್ಲ. ಲಾಂಡ್ರಿಯ ಆವಿಯಲ್ಲಿ ನಿಂತಾಗ, ಬೆಳಗಿನ ಮೊದಲ ಬಿಸಿಲು ಮೇಲಿನ ಕಿಟಕಿಯಿಂದ ಬಂದು ಒಗೆದ ಹಾಸುಬಟ್ಟೆಗಳ ಮೇಲೆ ಬಿದ್ದರೆ, ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಪಕ್ಕದವರು ಅದನ್ನು ಸೊಂಟನೋವು ಎಂದುಕೊಂಡಿದ್ದರು.

ಆ ವರ್ಷ, ಕಥೆಯ ಸಂಜೆಗೆ ವಾರವಿರುವಾಗ, ಗಂಟಿನ ತಾತ ಲಾಂಡ್ರಿಯ ಬಾಗಿಲಿಗೆ ಬಂದ. ಹಡಗುಗಳಲ್ಲಿ ಹಗ್ಗದ ಕೆಲಸ ಮಾಡಿ ನಿವೃತ್ತನಾದವನು. ಮೊದಲಿನಿಂದಲೂ ಪಟ್ಟಿ ಕಟ್ಟುತ್ತಿದ್ದವನು ಅವನೇ. ಅವನು ಹಾಕಿದ ಗಂಟು ಎಂಥ ಗಾಳಿಗೂ ಬಿಚ್ಚುತ್ತಿರಲಿಲ್ಲ, ಅವಳು ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತಿತ್ತು.

"ಕಣ್ಣು ಹೋಯ್ತಮ್ಮ," ಎಂದ. "ಹೋದ ವರ್ಷ ಒಂದು ಪಟ್ಟಿನ ಹಸುವಿನ ಬಾಲಕ್ಕೆ ಕಟ್ಟೋದರಲ್ಲಿದ್ದೆ. ಇನ್ನು ನೀನೇ ಕಟ್ಟು."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ಉಳಿಯಿತು. ಪಟ್ಟಿ ಕಟ್ಟುವವರು ಆ ಎರಡು ದಿನದಲ್ಲಿ ಮೊದಲನೆಯ ಸಂಜೆಗೇ ಕೆಳಗಿನ ದಾರಿಯನ್ನು ಮುಗಿಸಿ, ದಿಣ್ಣೆಯ ಬುಡದಲ್ಲಿರುವ ಕಾವಲುಗಾರರ ಮನೆಯಲ್ಲಿ ಮಲಗಿ, ಮರುದಿನ ಬೆಳಕು ಹರಿಯುವ ಮೊದಲೇ ಮೇಲಕ್ಕೆ ಹತ್ತುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕಾರ್ಯದರ್ಶಿ ಏನಂತಾನೆ?"

"ಅವನೇನಂತಾನೆ? ಹತ್ತೊಂಬತ್ತು ವರ್ಷದಲ್ಲಿ ನಿನ್ನ ಕೈಯಿಂದ ಒಂದು ಪಟ್ಟಿ ತಪ್ಪಿಲ್ಲ ಅಂತ ಹೇಳಿದೀನಿ. ಕಥೆ ಸಂಜೆ ದಿನ ಎಲ್ಲರ ಮುಂದೆ ನಿನ್ನ ಹೆಸರು ಹೇಳ್ತಾನೆ."

ಅವಳು ತಲೆಯಾಡಿಸಿದಳು. ಸಂತೋಷಪಡಬೇಕಾಗಿತ್ತು. ಆ ದಿನ ಮನೆಗೆ ಬಂದು ಅತ್ತಿಗೆಗೆ ವಿಷಯ ಹೇಳಿದವಳು ತಟ್ಟೆಯ ಅನ್ನ ಮುಟ್ಟಲಿಲ್ಲ.

"ಯಾಕೇ, ಆಸೆಪಟ್ಟಿದ್ದು ಸಿಕ್ಕಿದ್ದಕ್ಕೆ ಮುಖ ಹೀಗೆ ಮಾಡ್ಕೊಂಡಿದೀಯ?" ಎಂದಳು ಅತ್ತಿಗೆ.

"ಒಂದು ಪಟ್ಟಿ ತಪ್ಪಿಲ್ಲ ಅಂದ ತಾತ. ತಪ್ಪಿದೆ."

ತಪ್ಪಿದ್ದು ಹನ್ನೆರಡು ವರ್ಷದ ಹಿಂದೆ. ಬಾಲದವರಿಗೆ ಒಂದೇ ನಿಯಮ: ಕೊನೆಯವನ ಬೆನ್ನು ಕಣ್ಣಿಗೆ ಕಾಣದೆ ಪಟ್ಟಿ ಬಿಚ್ಚಬಾರದು. ಓಡುವವರಿಗೂ ಒಂದು ನಿಯಮವಿದೆ: ಯಾವ ಕಾರಣಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಹೋದರೂ ಕೈಕೋಲನ್ನು ದಾರಿಗೆ ಅಡ್ಡ ಇಟ್ಟು ಹೋಗಬೇಕು. ಕೋಲು ಕಂಡರೆ ಬಾಲದವರು ಅಲ್ಲೇ ನಿಂತು ಕಾಯುತ್ತಾರೆ. ಆ ವರ್ಷ ಕೊನೆಯವನಾಗಿದ್ದವನು ಲೆಕ್ಕದ ಮೇಷ್ಟ್ರು. ಕೊನೆಯವನಾದರೂ ಚುರುಕಾಗಿಯೇ ನಡೆಯುತ್ತಿದ್ದ. ಇದೇ ನಡಿಗೆಯಾದರೆ ಎಂಟಕ್ಕೇ ದಿಣ್ಣೆ ಸೇರಬಹುದು, ಮಬ್ಬು ಏರುವ ಮೊದಲು ಏನಾದರೂ ಕಂಡೀತು ಎಂದು ಅವಳಿಗೆ ಆಸೆ ಹುಟ್ಟಿತು. ಹಳ್ಳ ದಾಟಿದ ಮೇಲೆ ಮೇಷ್ಟ್ರ ಬೆನ್ನು ಕಾಣಲಿಲ್ಲ. ದಾರಿಯ ಮೇಲೆ ಕೋಲೂ ಇರಲಿಲ್ಲ. ಮುಂದೆ ಹೋಗಿದ್ದಾನೆ ಎಂದುಕೊಂಡು ಬೇಗ ಬೇಗ ಬಿಚ್ಚುತ್ತಾ ಹತ್ತಿದಳು. ಎಂಟೂಕಾಲಕ್ಕೆ ದಿಣ್ಣೆಯ ಮೇಲಿದ್ದಳು. ಆ ದಿನ ಮಬ್ಬು ಬೇಗ ಏರಿತ್ತು. ಸುಣ್ಣದ ಗೋಡೆ. ಅಲ್ಲಿ ನಂಬರು ಗುರುತು ಹಾಕಿಕೊಳ್ಳುತ್ತಿದ್ದವನು, "ಮೇಷ್ಟ್ರು ಇನ್ನೂ ಬಂದಿಲ್ಲವಲ್ಲ" ಎಂದ.

ಐದು ಗಂಟೆ ಹುಡುಕಿದ ಮೇಲೆ ಕಾವಲುಗಾರರು ಅವನನ್ನು ಬೇರೆ ಕಣಿವೆಯಿಂದ ಕರೆತಂದರು. ಮೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಪಟ್ಟಿಗಳು ಇದ್ದಕ್ಕಿದ್ದಂತೆ ಮಾಯವಾದವು ಎಂದ. ಬಾಲದಕ್ಕ ಬರುವ ಮೊದಲೇ ಕೋತಿ ಕಿತ್ತಿರಬೇಕು ಎಂದರು ಎಲ್ಲರೂ. ಅವಳ ಹೆಗಲ ಮೇಲೆ ಚೀಲವಿತ್ತು. ಅವಳು ಬಾಯಿ ಬಿಡಲಿಲ್ಲ.

"ಹನ್ನೆರಡು ವರ್ಷ ಆಯ್ತು. ಈಗ ಹೇಳಿದ್ರೆ ಆ ಕೆಲಸ ಕೊಡ್ತಾರಾ?" ಎಂದು ಕೇಳಿದಳು ಅತ್ತಿಗೆ.

"ಕೊಡಲ್ಲ."

"ಮತ್ತೆ ಹೇಳಬೇಡ."

"ಹೇಳದೆ ಹೇಗೆ ಕಟ್ಟಲಿ ಅತ್ತಿಗೆ?"

ಅತ್ತಿಗೆ ತಟ್ಟೆಯನ್ನು ಅವಳ ಕಡೆ ಸರಿಸಿದಳು. "ಅನ್ನ ತಣ್ಣಗಾಯ್ತು, ಮೊದಲು ಉಣ್ಣು," ಎಂದಳು.

ಕಥೆಯ ಸಂಜೆ ಕೋಣೆ ತುಂಬಿತ್ತು. ಅಂಚೆಯವನು ಮರಳುಗಾಡು ದಾಟಿದ. ಬೂಟು ಕಳಚಲಾಯಿತು. ಆಮೇಲೆ ಮೇಷ್ಟ್ರು ಎದ್ದ. ಅವನ ಕಥೆ ಈಗ ಸಂಘದ ಆಸ್ತಿ. ವರ್ಷವರ್ಷಕ್ಕೂ ಬೆಳೆದು ಕೋತಿಗಳು ಒಂದರಿಂದ ಹಿಂಡಾಗಿದ್ದವು, ಕಳೆದ ವರ್ಷದಿಂದ ಚಿರತೆಯೊಂದರ ಕೆಮ್ಮೂ ಸೇರಿತ್ತು. ಈ ಸಲ ಆ ಕೋತಿಗಳಲ್ಲಿ ದೊಡ್ಡದೊಂದು ತಲೆಗೆ ಕಿತ್ತಳೆ ಪಟ್ಟಿ ಕಟ್ಟಿಕೊಂಡು ಕೂತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಯದರ್ಶಿ ಗಂಟೆ ಬಾರಿಸಿ, ಪಟ್ಟಿಯ ಮಾತು ಬಂದಿದ್ದರಿಂದ ಹೇಳುತ್ತೇನೆ ಎಂದು, ತಾತನ ಜಾಗಕ್ಕೆ ಬಾಲದಕ್ಕನ ಹೆಸರು ಹೇಳಿದ. "ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪಿಲ್ಲ," ಎಂದ.

ಅವಳು ಎದ್ದು ನಿಂತಳು. ಚಹಾ ಕೊಡಲು ಎದ್ದಳೆಂದು ಮುಂದಿನವರು ಲೋಟ ಚಾಚಿದರು.

"ಕೋತಿ ಅಲ್ಲ," ಎಂದಳು. "ಪಟ್ಟಿ ನಾನು ಬಿಚ್ಚಿದ್ದು. ಮೇಷ್ಟ್ರ ಬೆನ್ನು ಕಂಡಿರಲಿಲ್ಲ. ಬೇಗ ಮೇಲೆ ಹೋಗಬೇಕಿತ್ತು ನನಗೆ, ಸೂರ್ಯ ನೋಡೋಕೆ. ನೋಡೋಕೂ ಸಿಗಲಿಲ್ಲ. ಅಷ್ಟೇ." ಮತ್ತೆ ಕುಳಿತಳು. ಹತ್ತು ನಿಮಿಷದಲ್ಲಿ ಅವಳು ಬಳಸಿದ್ದು ಅರ್ಧ ನಿಮಿಷ.

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವನ ಮುಖ ಬಾಡಿತ್ತು. ಕಾಡಿನಲ್ಲಿ ಕಳೆದುಹೋದದ್ದಕ್ಕಿಂತ ಈಗ ಕೋತಿಗಳು ಕಳೆದುಹೋದದ್ದು ಅವನಿಗೆ ಹೆಚ್ಚು ನೋವಾಗಿತ್ತು.

"ಇಷ್ಟು ವರ್ಷ ಸುಮ್ಮನಿದ್ರಿ, ಇನ್ನೊಂದು ನಾಲ್ಕು ವರ್ಷ ಸುಮ್ಮನಿರೋಕೆ ಏನಾಗಿತ್ತಕ್ಕಾ?" ಎಂದ. ಕೆನ್ನೆ ಕೆರೆದುಕೊಂಡ. "ಕೋಲು ದಾರಿ ಮೇಲಿತ್ತಾ, ನೀವು ಬಂದಾಗ?"

"ಇರಲಿಲ್ಲ."

"ಹೇಗಿರುತ್ತೆ? ಬಂಡೆ ಹಿಂದೆ ನನ್ನ ಪಕ್ಕದಲ್ಲೇ ಇತ್ತು. ನಿದ್ದೆ ಬಂತು, ಮಲಗಿದೆ. ಕೋಲು ಅಡ್ಡ ಇಟ್ಟರೆ ನೀವು ಬಂದು ಎಬ್ಬಿಸ್ತೀರಿ, ಇವನ ಕೈಲಾಗಲ್ಲ ಅಂತ ವಾಪಸ್ ಕಳಿಸ್ತೀರಿ ಅಂತ ಹೆದರಿಕೆ." ಅವನು ಸಭೆಯ ಕಡೆ ತಿರುಗಿದ. "ಚಿರತೆ ಕೆಮ್ಮಿದ್ದು ಮಾತ್ರ ನಿಜ."

"ಅದು ನಿನ್ನ ಗೊರಕೆ ಕಣಯ್ಯ," ಎಂದ ಗಂಟಿನ ತಾತ.

ನಗು ಇಳಿದ ಮೇಲೆ ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡ. ಹನ್ನೆರಡು ವರ್ಷ ಮುಚ್ಚಿಟ್ಟದ್ದು ಸಣ್ಣ ವಿಷಯವಲ್ಲ ಎಂದ. ಅದು ಸಣ್ಣ ವಿಷಯವಾಗಿರಲೂ ಇಲ್ಲ. ಒಬ್ಬ ಮನುಷ್ಯ ಸಾಯಬಹುದಾಗಿತ್ತು. ಅವಳು ಹೌದು ಎಂದಳು. ತಾತ ಮಾತ್ರ ತನ್ನ ಗೂಟದ ಚೀಲವನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂದು ಹಟ ಹಿಡಿದ. ಕೊನೆಗೆ ಕಾರ್ಯದರ್ಶಿ ತೀರ್ಮಾನ ಹೇಳಿದ: "ಈ ಒಂದು ವರ್ಷ ಕಟ್ಟಿ. ಬರೋ ವರ್ಷದಿಂದ ನಿಮಗೆ ಮತ್ತೆ ಬಾಲವೇ. ಕಟ್ಟೋರು ಹತ್ತು ಜನ ಸಿಗ್ತಾರೆ. ಎಲ್ಲರ ಹಿಂದೆ ನಡೆಯೋಕೆ ಯಾರು ಬರ್ತಾರೆ? ಈ ವರ್ಷಕ್ಕೇ ನನಗೆ ಜನ ಇಲ್ಲ."

"ನಾನು ಬರ್ತೀನಿ," ಎಂದ ಮೇಷ್ಟ್ರು. "ಕಥೆ ಇಲ್ಲದೋನಿಗೆ ಬಾಲವೇ ಸರಿ."

ಓಟಕ್ಕೆ ಎರಡು ದಿನವಿರುವಾಗ, ಸಂಜೆ, ಅವಳು ಕೆಳಗಿನ ದಾರಿಗೆ ಪಟ್ಟಿ ಕಟ್ಟಿ, ಕಾವಲುಗಾರನ ಹೆಂಡತಿ ಹಾಸಿದ ಚಾಪೆಯಲ್ಲಿ ಮಲಗಿ, ಕತ್ತಲಿರುವಾಗಲೇ ಎದ್ದಳು. ದಿಣ್ಣೆಯ ಮೇಲೆ ಮರವಿಲ್ಲ. ಕುಳ್ಳ ಪೊದೆಗಳು, ಅವು ಇಲ್ಲದಲ್ಲಿ ತಾತನ ಗೂಟಗಳು. ದಾರಿ ನೇರ ಪೂರ್ವಕ್ಕೆ ಹೋಗುತ್ತದೆ. ಅವಳು ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಕಟ್ಟುತ್ತಾ ಹೋದಳು. ಒಂದು ಗಂಟು, ಒಂದು ಎಳೆತ, ಮೂವತ್ತು ಹೆಜ್ಜೆ. ಆಕಾಶ ತೆಳುವಾಯಿತು. ಮುಂದೆ ಬೆಟ್ಟಗಳ ಅಂಚು ಬಿಡಿಸಿಕೊಂಡಿತು. ಇನ್ನೇನು ಎನ್ನುವಾಗ ಅವಳಿಗೆ ಕೊನೆಯ ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಅನುಮಾನ ಬಂತು. ತಿರುಗಿ ನೋಡಿದಳು.

ಹತ್ತೊಂಬತ್ತು ವರ್ಷ ಅವಳ ಹಿಂದಿನ ದಾರಿ ಯಾವಾಗಲೂ ಬರಿದಾಗಿರುತ್ತಿತ್ತು. ಅವಳು ದಾಟಿದ ಮೇಲೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ; ಉಳಿಯಬಾರದು ಎನ್ನುವುದೇ ಅವಳ ಕೆಲಸವಾಗಿತ್ತು. ಈಗ ಅವಳು ಬಂದ ದಾರಿಯುದ್ದಕ್ಕೂ ಪಟ್ಟಿಗಳಿದ್ದವು, ಒಂದರ ಹಿಂದೆ ಒಂದು, ಕಣ್ಣು ಹೋಗುವವರೆಗೂ, ಗಾಳಿಗೆ ಒಂದೇ ಕಡೆಗೆ ಬಳುಕುತ್ತಿದ್ದವು. ಬೆಳಕು ಮೊದಲು ಎತ್ತರದ ಗೂಟದ ಪಟ್ಟಿಗೆ ತಗುಲಿತು. ಆಮೇಲೆ ಅದರ ಹಿಂದಿನದಕ್ಕೆ. ಆಮೇಲೆ ತಗ್ಗಿನ ಪೊದೆಯದಕ್ಕೆ. ಒಂದೊಂದೇ ಹೊತ್ತಿಕೊಳ್ಳುತ್ತಾ ಹೋಗುವುದನ್ನು ಅವಳು ಕೊನೆಯದರವರೆಗೆ ನೋಡಿದಳು. ಬೆನ್ನಿಗೆ ಬಿಸಿಲು ಬೆಚ್ಚಗಾಗಿತ್ತು. ನೆನಪಾಗಿ ತಿರುಗುವ ಹೊತ್ತಿಗೆ ಸೂರ್ಯ ಬೆಟ್ಟದಿಂದ ಒಂದು ಗೇಣು ಮೇಲೆ ಬಂದು ಮಾಮೂಲಿ ಸೂರ್ಯನಾಗಿದ್ದ. ಕೈಯಲ್ಲಿ ಇನ್ನೂ ಪಟ್ಟಿಗಳಿದ್ದವು. ಅವಳು ಮುಂದಿನ ಗೂಟದ ಕಡೆ ನಡೆದಳು.

ಓಟದ ಮರುದಿನ ಮೇಷ್ಟ್ರು ಪಟ್ಟಿಗಳ ಚೀಲ ತಂದುಕೊಟ್ಟ. ಎಲ್ಲವೂ ಇದ್ದವು. ಅವಳು ಬಕೆಟ್ಟಿಗೆ ನೀರು ತುಂಬಿಸಿದಳು. ಅತ್ತಿಗೆ ಹೊಸ್ತಿಲ ಮೇಲೆ ಕುಳಿತು, ಎರಡು ದಿನದಿಂದ ತಡೆದುಕೊಂಡಿದ್ದನ್ನು ಕೇಳಿದಳು.

"ಹೇಗಿತ್ತೇ ಸೂರ್ಯ ಹುಟ್ಟಿದ್ದು?"

"ನೋಡಲಿಲ್ಲ."

"ಮಬ್ಬಾ?"

"ಇಲ್ಲ, ನಿಚ್ಚಳವಾಗಿತ್ತು. ನಾನು ಪಟ್ಟಿಗಳ ಕಡೆ ತಿರುಗಿದ್ದೆ."

ಅತ್ತಿಗೆ ಹಣೆ ಚಚ್ಚಿಕೊಂಡಳು. "ಹತ್ತೊಂಬತ್ತು ವರ್ಷ ಸೂರ್ಯ ಸೂರ್ಯ ಅಂತ ನನ್ನ ಪ್ರಾಣ ತಿಂದೆ. ಕೊಟ್ಟಿದ್ದು ಒಂದೇ ವರ್ಷ. ಇನ್ನು ಯಾವಾಗ ನೋಡ್ತೀಯ?"

ಅವಳು ಪಟ್ಟಿಗಳನ್ನು ನೀರಿನಲ್ಲಿ ಒತ್ತಿ ಮುಳುಗಿಸಿದಳು. ಕಿತ್ತಳೆ ಬಣ್ಣ ಇಷ್ಟಿಷ್ಟೇ ನೀರಿಗೆ ಬಿಟ್ಟುಕೊಂಡಿತು.

"ಬರೋ ವರ್ಷ ಹತ್ತು ಗಂಟೆಗೆ ಅಲ್ಲಿರ್ತೀನಲ್ಲ," ಎಂದಳು. "ಇಸ್ತ್ರಿ ಪೆಟ್ಟಿಗೆ ಕಾಯೋಕೆ ಇಡಿ ಅತ್ತಿಗೆ. ನಿಮ್ಮ ಸೀರೆನೂ ತನ್ನಿ."