ಹಾವಸೆ ಕೆರೆಯದ ಮಗ್ಗುಲು

ತುಳಸಿ ಲಗ್ನಕ್ಕೆ ಮೊದಲು ಕಟ್ಟೆಯ ಹಾವಸೆ ಕೆರೆದು, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆಯುವುದು ನಮ್ಮ ಮನೆಯ ಪದ್ಧತಿ. ಬಚ್ಚಲ ನೀರು ಹರಿಯುವ ಮಗ್ಗುಲಿಗೆ ಹಾವಸೆ ಹಸಿರು ಮಕಮಲ್ಲಿನಂತೆ ಹಬ್ಬಿರುತ್ತದೆ. ಈ ಸಲ ಹಳೆಯ ಚಮಚೆ ಹಿಡಿದು ಕೆರೆಯಲು ಕೂತಾಗ, ಜಮಖಂಡಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಬಂದು ಹೊರಸಿನ ಮೇಲೆ ಒರಗಿದ್ದ ಮಗ ತಡೆದ.

"ಯವ್ವಾ, ತಡಿ ಬೇ. ಅದರ ಮ್ಯಾಲ ಸಣ್ಣ ಸಣ್ಣ ಕಡ್ಡಿ ನಿಂತಾವಲ್ಲ, ಏನವು ಹೇಳು?"

ಅವನು ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಕಿವಿ ಮಂದವಾದಂದಿನಿಂದ ದನಿ ಏರಿಸಿಯೇ ಮಾತಾಡುತ್ತಾನೆ.

"ಹೂ ಇರಬೇಕು."

"ಹೂವಲ್ಲ, ಮಕ್ಕಳು. ಹಸರ ಗಿಡ ತಾಯಿ. ಮಗಗ ಬೇರಿಲ್ಲ, ತಾಯಿ ತಲಿ ಮ್ಯಾಲ ನಿಂತ ಉಣತೈತಿ. ಕಡೀಕ ಒಣಗಿ ಪುಡಿ ಉದರಸತೈತಿ. ಆ ಪುಡಿಯಿಂದ ಮತ್ತ ಹಸರ ಗಿಡ. ಮಗ ತಾಯಿಯಂಗ ಇರೂದಿಲ್ಲ, ಮೊಮ್ಮಗ ಅಜ್ಜಿಯಂಗ."

"ಹಂಗಾರ ನಮ್ಮ ಮನಿ ಕಥಿನ ಅನ್ನು."

ನನ್ನ ಅಪ್ಪನೂ ಕಿವಿ ಕೇಳದೆ, ಮೂತ್ರಪಿಂಡ ಕೆಟ್ಟು, ನಡುವಯಸ್ಸಿನಲ್ಲೇ ಹೋದ. ಅದೇ ರೋಗ ಈಗ ಮಗನಿಗೆ. ನಡುವಿನ ನನ್ನನ್ನು ದೇವರು ಬಿಟ್ಟದ್ದು ನನ್ನದೊಂದು ಮೂತ್ರಪಿಂಡ ಮಗನಿಗೆ ಕೊಡಲೆಂದೇ ಎಂದುಕೊಂಡು ದಿನಾ ಅದಕ್ಕೊಂದು ದೀಪ ಹಚ್ಚುತ್ತಿದ್ದೆ. ಹಿಂದಿನ ವಾರ ಬೆಳಗಾವಿಯ ಡಾಕ್ಟರು ತಪಾಸಣೆ ಮುಗಿಸಿ ಹೇಳಿದರು: "ರೋಗ ನಿಮ್ಮನ್ನೂ ಬಿಟ್ಟಿಲ್ರಿ. ನಿಮ್ಮೊಳಗ ಅಡಗಿ ಕುಂತೈತಿ. ನಿಮ್ಮದು ತಗೊಳ್ಳಾಕ ಬರೂದಿಲ್ಲ."

ಮರಳುವಾಗ ಬಸ್ಸಿನಲ್ಲಿ ಮಗ ನಕ್ಕಿದ್ದ. "ಛಲೋ ಆತು. ನಿನ್ನ ಕಿಡ್ನಿ ಹಾಕಿದ್ರ ನಾನೂ ವಾರಕ್ಕ ನಾಕು ಉಪವಾಸ ಮಾಡಬೇಕಾಗ್ತಿತ್ತು."

ಚಮಚೆ ಕೈಯಲ್ಲೇ ಇತ್ತು. "ಆ ತಾಯಿ ಒಣಗಿದ್ರ?" ಎಂದು ಕೇಳಿದೆ. ಅವನಿಗೆ ಕೇಳಲಿಲ್ಲವೋ ಏನೋ, ಗೋಡೆಯ ಕಡೆ ಹೊರಳಿ ಮಲಗಿದ.

ಮೂರು ಮಗ್ಗುಲಿಗಷ್ಟೇ ಸುಣ್ಣ ಬಳಿದೆ. ನೆರೆಮನೆಯಾಕೆ ಇಣುಕಿ, "ಏನ್ರೀ, ತುಳಸವ್ವಗ ಅರ್ಧಾ ಸೀರಿ ಉಡಿಸೀರಿ?" ಅಂದಳು. ಸುಣ್ಣ ಸಾಲಲಿಲ್ಲವೆಂದೆ.

ಇನ್ನು ತೀರಿಹೋದವರ ಮೂತ್ರಪಿಂಡ ಸಿಗುವತನಕ ಕಾಯಬೇಕು. ಅದನ್ನು ದೇವರಲ್ಲಿ ಬೇಡುವುದಾದರೂ ಹೇಗೆ? ಬೇಡಿದರೆ ಇನ್ನೊಬ್ಬ ತಾಯಿಯ ಮಗ ಸಾಯಲಿ ಎಂದಂತೆ. ಸಂಜೆ ಎಣ್ಣೆ, ಬತ್ತಿ ಹಿಡಿದು ಕಟ್ಟೆಯ ಮುಂದೆ ನಿಂತೆ. ಅಂದು ಡಯಾಲಿಸಿಸ್ ಮಾಡುವಾಗ ಮಗನ ಕೈಗೆ ಸೂಜಿ ಮೊದಲನೆಯ ಸಲಕ್ಕೇ ಕೂತಿತ್ತು, ತೆಗೆದು ಮತ್ತೆ ಚುಚ್ಚಬೇಕಾಗಲಿಲ್ಲ. ಅದಕ್ಕೆ ದೀಪ ಹಚ್ಚಿ ಒಳಗೆ ಬಂದೆ.